ತಂಬಿಗೆ ಮತ್ತು ಕುರ್ಚಿ: ಆಧುನಿಕ ಗೃಹೋಪಕರಣ ವಿನ್ಯಾಸದ ವಿಮರ್ಶೆಗೆ ಒಂದು ಪೀಠಿಕೆ

ಅರಸರ ವಂಶಾವಳಿ, ದಂಡಯಾತ್ರೆ, ದಾನಶಾಸನ, ಭೂಕಂದಾಯ ಇವುಗಳಿಗೆ ನಮ್ಮ ಇತಿಹಾಸ ವಿಭಾಗಗಳಲ್ಲಿ ದೊರೆತಿರುವ ಗಮನ ಮನೆಯೊಳಗಿನ ವಸ್ತುಗಳಿಗೆ ದೊರೆತಿಲ್ಲ. ಮಣೆ, ಕೊಡ, ತಂಬಿಗೆ, ಕುರ್ಚಿ ಮೊದಲಾದುವು ತೀರ ಪ್ರಾಚೀನವಾಗಿದ್ದರೆ ಪುರಾತತ್ತ್ವಜ್ಞನ ಪಾಲಿಗೆ ಹೋಗುತ್ತವೆ; ನೋಡಲು ಅಂದವಾಗಿದ್ದರೆ ಕಲಾವಿಮರ್ಶಕನ ಪಾಲಿಗೆ ಹೋಗುತ್ತವೆ; ಕೇವಲ ದಿನಬಳಕೆಯವಾಗಿದ್ದರೆ ಯಾರ ಪಾಲಿಗೂ ಸೇರದೆ ಉಳಿಯುತ್ತವೆ. ಆದರೆ ಕಳೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಇಂತಹ ಸಾಮಾನ್ಯ ವಸ್ತುಗಳ ಸುತ್ತಲೇ ಒಂದು ದೊಡ್ಡ ಚಿಂತನೆ ಬೆಳೆದು ಬಂದಿದೆ. ಒಳ್ಳೆಯ ವಿನ್ಯಾಸವು ಸಾಮಾನ್ಯ ಗೃಹಸ್ಥನ ಬಾಳನ್ನು ಹಸನುಗೊಳಿಸಬಲ್ಲದು ಎಂಬುದೇ ಆ ಚಿಂತನೆಯ ಸಾರ. ಈ ಮಾತು ಎಷ್ಟರಮಟ್ಟಿಗೆ ನಿಜವಾಯಿತು, ಅದನ್ನು ಅಳೆಯಲು ನಾವು ಯಾವ ಅಳತೆಗೋಲನ್ನು ಹಿಡಿಯಬೇಕು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಯೂರೋಪಿನ ಒಂದು ಕುರ್ಚಿಯನ್ನು ತೆಗೆದುಕೊಳ್ಳೋಣ. ಮಿಖಾಯೆಲ್ ಥೋನೆಟ್ ಎಂಬ ಜರ್ಮನ್ ಬಡಗಿ ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಮೆತುಗೊಳಿಸಿ ಬಾಗಿಸುವ ಕ್ರಮವನ್ನು ಸಾಧಿಸಿ, 1859ರಲ್ಲಿ ತನ್ನ 14ನೆಯ ಸಂಖ್ಯೆಯ ಕುರ್ಚಿಯನ್ನು ಹೊರತಂದನು. ಅದರಲ್ಲಿದ್ದುದು 6 ಮರದ ಭಾಗಗಳು, 10 ತಿರುಪುಮೊಳೆಗಳು ಮತ್ತು 2 ನಟ್ಟುಗಳು. ಬಿಡಿಸಿ ಅಡಕಿದರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದುವು. 1930ರ ವೇಳೆಗೆ ಸುಮಾರು 5 ಕೋಟಿ ಕುರ್ಚಿಗಳು ಮಾರಾಟವಾಗಿದ್ದುವೆಂದು ಗಣನೆಯಿದೆ. ಇಲ್ಲಿ ಚೆಲುವು, ಅಗ್ಗ, ಸಾಗಣೆಯ ಸೌಕರ್ಯ ಮೂರೂ ಒಂದೇ ಯುಕ್ತಿಯಿಂದ ಹುಟ್ಟಿದುವು. ಯಾವ ಘೋಷಣೆಯೂ ಇಲ್ಲದೆ ಈ ಕುರ್ಚಿ ಮಧ್ಯಮವರ್ಗದ ಮನೆಗಳನ್ನೂ ಕಾಫಿಗೃಹಗಳನ್ನೂ ತುಂಬಿತು. ಘೋಷಣೆಗಳು ಬಂದುದು ಅನಂತರ.

ವಾಲ್ಟರ್ ಗ್ರೋಪಿಯಸ್ 1919ರಲ್ಲಿ ವೈಮಾರ್ ನಗರದಲ್ಲಿ ಸ್ಥಾಪಿಸಿದ ಬೌಹೌಸ್ ವಿದ್ಯಾಲಯವು ಕಲೆಯನ್ನೂ ಕಸಬನ್ನೂ ಮತ್ತೆ ಒಂದುಗೂಡಿಸಲು ಹೊರಟಿತು. ಕೆಲವೇ ವರ್ಷಗಳಲ್ಲಿ ಯಂತ್ರೋತ್ಪಾದನೆಗೆ ಯೋಗ್ಯವಾದ ಮಾದರಿಗಳನ್ನು ನಿರ್ಮಿಸುವುದು ಅದರ ಗುರಿಯಾಯಿತು. ದೆಸೌಗೆ ವಿದ್ಯಾಲಯ ಸ್ಥಳಾಂತರಗೊಂಡ 1925ರಲ್ಲಿಯೇ ಮಾರ್ಸೆಲ್ ಬ್ರಾಯರ್ ಬೈಸಿಕಲ್ಲಿನ ಹಿಡಿಕೆಯಿಂದ ಪ್ರೇರಣೆ ಪಡೆದು ಉಕ್ಕಿನ ಕೊಳವೆಯ ಕುರ್ಚಿಯನ್ನು ರೂಪಿಸಲು ತೊಡಗಿದನು. 1933ರಲ್ಲಿ ನಾಟ್ಸಿ ಆಡಳಿತದ ಒತ್ತಡದಿಂದ ಬೌಹೌಸ್ ಮುಚ್ಚಿತು. ಅದರ ಹೆಸರು ಜಗತ್ತಿನಲ್ಲೆಲ್ಲ ಹರಡಿದ್ದರೂ, ಅಲ್ಲಿ ಹುಟ್ಟಿದ ಅನೇಕ ಪ್ರಸಿದ್ಧ ವಸ್ತುಗಳು ಯಂತ್ರದ ಆಕೃತಿಯನ್ನು ಧರಿಸಿ ಕೈಯಿಂದಲೇ ತಯಾರಾದವು. ಮಾರಿಯಾನೆ ಬ್ರಾಂಟ್ 1924ರಲ್ಲಿ ರಚಿಸಿದ ಚಹದ ಪಾತ್ರೆ ಇಂತಹುದು. ಅದರ ಪ್ರತಿಗಳು ಬೆರಳೆಣಿಕೆಯವು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆದ ಪ್ರದರ್ಶನದ ಮೂಲಕ ಬೌಹೌಸ್ ಭಾರತಕ್ಕೂ ಬಂದಿತು. ಆದರೆ ಬಂದುದು ಚಿತ್ರಗಳ ರೂಪದಲ್ಲಿ, ಕುರ್ಚಿ ಪಾತ್ರೆಗಳ ರೂಪದಲ್ಲಿ ಬರಲಿಲ್ಲ. ಹೀಗೆ ಆರಂಭದಿಂದಲೂ ಉದ್ದೇಶಕ್ಕೂ ಫಲಕ್ಕೂ ನಡುವೆ ಒಂದು ಅಂತರ ಉಳಿಯಿತು.

ಈ ಅಂತರವು ಅಮೆರಿಕದಲ್ಲಿ ಮತ್ತೊಂದು ರೂಪವನ್ನು ತಾಳಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1938ರಲ್ಲಿ ಐದು ಡಾಲರಿಗಿಂತ ಕಡಮೆ ಬೆಲೆಯ ಉಪಯುಕ್ತ ಗೃಹವಸ್ತುಗಳ ಪ್ರದರ್ಶನವನ್ನು ಏರ್ಪಡಿಸಿತು. ಬೆಲೆಯನ್ನೇ ಆಯ್ಕೆಯ ಮೊದಲ ನಿಬಂಧನೆಯಾಗಿ ಇರಿಸಿದ ಈ ಕ್ರಮ ಶ್ಲಾಘನೀಯವಾದುದು. 1950ರಿಂದ 1955ರವರೆಗೆ ಅದೇ ಸಂಸ್ಥೆ ಎಡ್ಗರ್ ಕೌಫ್‌ಮನ್ ಜೂನಿಯರ್ ಅವರ ನೇತೃತ್ವದಲ್ಲಿ ಶಿಕಾಗೋದ ಸಗಟು ಮಾರುಕಟ್ಟೆಯೊಂದರ ಸಹಯೋಗದಿಂದ ‘ಉತ್ತಮ ವಿನ್ಯಾಸ’ ಪ್ರದರ್ಶನಗಳನ್ನು ನಡೆಸಿತು. ಕೊಳ್ಳುವವನಿಗೆ ವಿವೇಕವನ್ನು ಕಲಿಸುವುದು ಅವುಗಳ ಆಶಯ. ಆದರೆ ಸಂಗ್ರಹಾಲಯದ ಪೀಠವನ್ನೇರಿದ ವಸ್ತುವನ್ನು ನಾವು ಕಣ್ಣಿನಿಂದ ಮಾತ್ರವೇ ಪರೀಕ್ಷಿಸಬಲ್ಲೆವು. ಅದನ್ನು ತಿಕ್ಕಿ ತೊಳೆದು, ರಿಪೇರಿಮಾಡಿ, ಹತ್ತು ವರ್ಷ ಬಾಳಿಸಿ ನೋಡುವ ಅವಕಾಶ ಅಲ್ಲಿಲ್ಲ. ಆದಕಾರಣ ರೂಪವೇ ಗುಣವೆಂಬ ಭ್ರಮೆಗೆ ಅಲ್ಲಿ ಎಡೆಯುಂಟು.

ಈ ಪರಂಪರೆಯಲ್ಲಿಯೇ ಪ್ರಸಿದ್ಧರಾದವರು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗಾಗಿ, ಮುರಿದ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆಗಳನ್ನು ತಯಾರಿಸಿದ ಅನುಭವವೇ ಅವರ ಕುರ್ಚಿಗಳಿಗೆ ಬುನಾದಿಯಾಯಿತು. ಭಾರತ ಸರ್ಕಾರದ ಆಹ್ವಾನದಂತೆ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಅವರು ಈ ದೇಶದಲ್ಲಿ ಸಂಚರಿಸಿ 1958ರ ಏಪ್ರಿಲಿನಲ್ಲಿ ‘ಇಂಡಿಯಾ ರಿಪೋರ್ಟ್’ ಎಂಬ ವರದಿಯನ್ನು ಸಲ್ಲಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾದುದು ಈ ವರದಿಯ ಫಲ. ನಮ್ಮ ದೇಶದ ವಿನ್ಯಾಸಶಿಕ್ಷಣಕ್ಕೆ ಇದು ಮೂಲಗ್ರಂಥವೆಂಬ ಗೌರವವನ್ನು ಪಡೆದಿದೆ. ಆದುದರಿಂದಲೇ ಇದನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಅಗತ್ಯ.

ವರದಿಯ ಹೃದಯಭಾಗ ‘ಲೋಟಾ’ ಕುರಿತ ಪ್ರಶಂಸೆ. ಕನ್ನಡದ ಓದುಗರು ಇಲ್ಲಿ ಎಚ್ಚರವಹಿಸಬೇಕು. ಕನ್ನಡದಲ್ಲಿ ಲೋಟವೆಂದರೆ ಕುಡಿಯುವ ಪಾತ್ರೆ; ಹಿಂದಿಯ ಲೋಟಾ ನಮ್ಮ ತಂಬಿಗೆ ಅಥವಾ ಚೊಂಬು. ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ತಂಬಿಗೆಯೇ ಅತ್ಯಂತ ಸುಂದರವೆಂದು ಈಮ್ಸ್ ದಂಪತಿಗಳು ಭಾವಿಸುತ್ತಾರೆ. ಇದನ್ನು ಯಾವ ಒಬ್ಬನೂ ರಚಿಸಲಿಲ್ಲ, ಅನೇಕ ತಲೆಮಾರುಗಳ ಅನುಭವ ಇದನ್ನು ತಿದ್ದಿ ರೂಪಿಸಿದೆ ಎಂದು ಹೇಳಿ, ಇಂತಹುದನ್ನು ಹೊಸದಾಗಿ ರಚಿಸಹೊರಟವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಸಾಲಾಗಿ ಕೊಡುತ್ತಾರೆ. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಂತಹುದು, ತಲೆಯ ಮೇಲೋ ಸೊಂಟದ ಮೇಲೋ, ಭಾರಕೇಂದ್ರ ಎಲ್ಲಿರಬೇಕು, ಬಾಯಿ ಎಷ್ಟು ಅಗಲವಿದ್ದರೆ ತೊಳೆಯಲು ಅನುಕೂಲ, ಕಲ್ಲಿಗೆ ತಾಗಿದಾಗ ಎಂತಹ ನಾದ ಹೊರಡುತ್ತದೆ, ತಯಾರಿಕೆಯ ಲೆಕ್ಕದಲ್ಲಿ ಬೀಳುವ ಬೆಲೆ ಎಷ್ಟು, ಬಾಳಿಕೆಯ ಲೆಕ್ಕದಲ್ಲಿ ಬೀಳುವ ಬೆಲೆ ಎಷ್ಟು ಎಂದು ಮೊದಲ್ಗೊಂಡು, ಅದನ್ನು ಹೊಂದುವುದರಲ್ಲಿ, ಮಾರುವುದರಲ್ಲಿ, ದಾನ ಕೊಡುವುದರಲ್ಲಿ ಎಂತಹ ಭಾವವಿದೆ ಎಂಬವರೆಗೆ ಈ ಪಟ್ಟಿ ವಿಸ್ತರಿಸುತ್ತದೆ. ದಿನವೂ ಕೈಯಲ್ಲಿ ಹಿಡಿದ ವಸ್ತುವನ್ನು ನಾವು ಎಂದೂ ಇಷ್ಟು ಲಕ್ಷ್ಯವಿಟ್ಟು ನೋಡಿರಲಿಲ್ಲ. ಸಂಗ್ರಹಾಲಯದ ದೃಷ್ಟಿಯನ್ನು ಮೀರಿ ಬಳಕೆಯ ದೃಷ್ಟಿಯಿಂದ ವಸ್ತುವನ್ನು ಪರಿಶೀಲಿಸಿದ್ದು ವರದಿಯ ನಿಜವಾದ ಹಿರಿಮೆ.

ಆದರೆ ಈ ದೀರ್ಘವಾದ ಪಟ್ಟಿಯಲ್ಲಿ ಒಂದು ಪ್ರಶ್ನೆ ಕಾಣುವುದಿಲ್ಲ. ಈ ತಂಬಿಗೆಯನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು? ಭಾರತೀಯ ಗೃಹದಲ್ಲಿ ನೀರಿನ ಪಾತ್ರೆಯ ಇತಿಹಾಸವು ಮಡಿಮೈಲಿಗೆಯ ಇತಿಹಾಸದಿಂದ ಬೇರೆಯಾದುದಲ್ಲ. ಲೋಹದ ಪಾತ್ರೆಯನ್ನು ಬೂದಿ ಹುಣಿಸೆಗಳಿಂದ ಬೆಳಗಿ ಶುದ್ಧಮಾಡಬಹುದು, ಮಣ್ಣಿನದನ್ನು ಹೊರಗೆಸೆಯಬೇಕು ಎಂಬ ನಂಬಿಕೆ ಲೋಹದ ಆಯ್ಕೆಯ ಹಿಂದೆಯೂ ಇದೆ. ತಂಬಿಗೆಯಿಂದ ನೀರು ಸುರಿಯುವ ಸೊಬಗನ್ನು ವರದಿ ಕಾಣುತ್ತದೆ. ಅದೇ ತಂಬಿಗೆಯಿಂದ, ಪಾತ್ರೆ ಸೋಕದಂತೆ ಮೇಲಿನಿಂದ, ಅಸ್ಪೃಶ್ಯನೆನಿಸಿದವನ ಬೊಗಸೆಗೆ ನೀರು ಸುರಿಯುತ್ತಿದ್ದುದನ್ನು ಕಾಣುವುದಿಲ್ಲ. ಸುರಿಯುವ ಕ್ರಿಯೆ ಒಂದೇ. ಒಂದು ಕಡೆ ಅದು ಸೌಕರ್ಯ, ಇನ್ನೊಂದು ಕಡೆ ಅದು ದೂರವಿಡುವ ಉಪಾಯ.

ಇದು ಹಿನ್ನೋಟದ ಜಾಣತನವೆಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪ ನಿಲ್ಲಲಾರದು. ಮಹಾಡಿನ ಚವದಾರ ಕೆರೆಯ ನೀರನ್ನು ಡಾ. ಅಂಬೇಡ್ಕರರು ತಮ್ಮ ಅನುಯಾಯಿಗಳೊಡನೆ ಬೊಗಸೆಯಲ್ಲಿ ಎತ್ತಿ ಕುಡಿದುದು 1927ರ ಮಾರ್ಚ್ 20ರಂದು, ವರದಿಗಿಂತ 31 ವರ್ಷ ಮೊದಲು. ಅಸ್ಪೃಶ್ಯತಾ (ಅಪರಾಧಗಳ) ಅಧಿನಿಯಮ ಜಾರಿಗೆ ಬಂದುದು 1955ರಲ್ಲಿ, ವರದಿಗಿಂತ 3 ವರ್ಷ ಮೊದಲು. ಹೋಟೆಲು ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸಲು ಅಡ್ಡಿಪಡಿಸುವುದು ಅಪರಾಧವೆಂದು ಅದರಲ್ಲಿ ಸ್ಪಷ್ಟವಾಗಿ ವಿಧಿಸಲಾಗಿದೆ. ಅಂದರೆ ಪಾತ್ರೆಯ ಪ್ರಶ್ನೆ ಸಂಸತ್ತಿನ ಕಾನೂನಿನವರೆಗೂ ಬಂದಿದ್ದ ಕಾಲದಲ್ಲಿ ಪಾತ್ರೆಯನ್ನೇ ಕುರಿತ ವರದಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಕಾನೂನಿನ ಅನಂತರವೂ ಚಹದಂಗಡಿಗಳಲ್ಲಿ ‘ಎರಡು ಲೋಟ’ದ ಪದ್ಧತಿ ಮುಂದುವರಿದುದು ಕರ್ಣಾಟಕದಲ್ಲಿಯೂ ದಾಖಲಾಗಿರುವ ಸಂಗತಿ. ವಿನ್ಯಾಸಕಾರನಿಗೆ ಸಮಾಜಶಾಸ್ತ್ರದ ಹೊಣೆ ಇಲ್ಲವೆಂಬ ಮತ್ತೊಂದು ಸಮಾಧಾನವೂ ಸಲ್ಲದು. ದಾನ ಕೊಡುವವನ ಭಾವವನ್ನು ಪಟ್ಟಿಗೆ ಸೇರಿಸಿದಾಗಲೇ ವರದಿಯು ಸಮಾಜವನ್ನು ಒಳಕ್ಕೆ ಕರೆದುಕೊಂಡಿದೆ. ಕೊಡುವವನು ಪಟ್ಟಿಯಲ್ಲಿದ್ದಾನೆ, ಬೊಗಸೆಯೊಡ್ಡಿದವನು ಇಲ್ಲ.

ಇನ್ನೊಂದು ಕೊರತೆಯೂ ವಿಚಾರಾರ್ಹವಾಗಿದೆ. ತಂಬಿಗೆಗೆ ಒಬ್ಬ ಕರ್ತೃವಿಲ್ಲ ಎಂಬ ಹೊಗಳಿಕೆಯಲ್ಲಿ, ಅದನ್ನು ಬಡಿದು ರೂಪಿಸಿದ ಕಂಚುಗಾರನೂ ಮರೆಯಾಗುತ್ತಾನೆ. ಇದಕ್ಕೆ ಪ್ರತಿಯಾಗಿ ಚಂಡೀಗಢದ ಕುರ್ಚಿಗಳನ್ನು ನೋಡಬೇಕು. ಲ ಕಾರ್ಬ್ಯೂಸಿಯೆಯ ದಾಯಾದಿ ಸೋದರನಾದ ಪಿಯೆರ್ ಜಾನ್‌ರೆ 1951ರಿಂದ 1965ರವರೆಗೆ ಆ ನಗರದಲ್ಲಿದ್ದು, ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಿಗಾಗಿ ತೇಗ ಮತ್ತು ಬೆತ್ತದ ಪೀಠೋಪಕರಣಗಳನ್ನು ಸಹೋದ್ಯೋಗಿಗಳೊಡನೆ ರೂಪಿಸಿದನು. ಸ್ಥಳೀಯ ಬಡಗಿಗಳು ಅವನ್ನು ವಿಪುಲವಾಗಿ ತಯಾರಿಸಿದರು. ಹಳತಾದ ಮೇಲೆ ಅವು ಕಚೇರಿಗಳ ಮಾಳಿಗೆಯಲ್ಲಿ ರಾಶಿಬಿದ್ದು, ಗುಜರಿಯ ಬೆಲೆಗೆ ಹರಾಜಾದುವು. ಬಳಿಕ ಯೂರೋಪು ಅಮೆರಿಕಗಳ ಹರಾಜುಮನೆಗಳಲ್ಲಿ ಅಪಾರ ಬೆಲೆಗೆ ಬಿಕರಿಯಾದುವು. 2011ರಲ್ಲಿ ಕೇಂದ್ರ ಗೃಹಮಂತ್ರಾಲಯ ಇವುಗಳ ಮಾರಾಟ ಮತ್ತು ರಫ್ತನ್ನು ತಡೆಯಲು ಆಜ್ಞೆ ಹೊರಡಿಸಬೇಕಾಯಿತು. ಗುಮಾಸ್ತನು ಕುಳಿತಾಗ ಗುಜರಿಯಾಗಿದ್ದುದು ಹೆಸರಾಂತ ಕರ್ತೃವಿನ ಕೃತಿಯೆಂದು ತಿಳಿದೊಡನೆ ಪರಂಪರೆಯ ಸ್ವತ್ತಾಯಿತು. ತಂಬಿಗೆಯ ಬೆಲೆ ಕರ್ತೃವಿಲ್ಲದುದರಿಂದ ಬಂದಿತು, ಕುರ್ಚಿಯ ಬೆಲೆ ಕರ್ತೃವಿನಿಂದ ಬಂದಿತು. ಎರಡು ಕಡೆಯಲ್ಲಿಯೂ ಕೈಯಿಂದ ಕೆಲಸ ಮಾಡಿದವನಿಗೆ ಹೆಸರು ಉಳಿಯಲಿಲ್ಲ.

ಕುರ್ಚಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಉಂಟು. ಬ್ರಿಟಿಷ್ ಅಧಿಕಾರಿಯ ಎದುರಿನಲ್ಲಿ ಕುಳಿತುಕೊಳ್ಳುವ ಅರ್ಹತೆಯುಳ್ಳವರಿಗೆ ಉತ್ತರ ಭಾರತದಲ್ಲಿ ‘ಕುರ್ಸಿನಶೀನ್’ ಎಂಬ ಪ್ರಮಾಣಪತ್ರವನ್ನೇ ಕೊಡುತ್ತಿದ್ದರು. ಹೀಗೆ ಕುರ್ಚಿ ದೇಹಕ್ಕೆ ವಿಶ್ರಾಂತಿ ನೀಡುವ ವಸ್ತುವಾಗುವುದಕ್ಕೆ ಮೊದಲೇ ಅಂತಸ್ತಿನ ಗುರುತಾಗಿತ್ತು. ಈ ದೃಷ್ಟಿಯಿಂದ ನೋಡಿದರೆ, ವಿಮರ್ಶಕರು ಕಣ್ಣೆತ್ತಿಯೂ ನೋಡದ ಪ್ಲಾಸ್ಟಿಕ್ ಕುರ್ಚಿಗೆ ಒಂದು ಗಂಭೀರ ಸ್ಥಾನವಿದೆ. ಒಂದೇ ಅಚ್ಚಿನಲ್ಲಿ ಎರಕವಾಗುವ ಇಂತಹ ಕುರ್ಚಿಗಳಿಗೆ ಮುಖ್ಯ ಮಾದರಿಯಾದುದು ಫ್ರಾನ್ಸಿನ ಆನ್ರಿ ಮಾಸೊನೆ 1972ರಲ್ಲಿ ತಯಾರಿಸಿದ ಕುರ್ಚಿ. ಒಂದು ಕುರ್ಚಿ ಅಚ್ಚಿನಿಂದ ಹೊರಬರಲು ಎರಡು ನಿಮಿಷವೂ ಬೇಕಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವು ಸಾರ್ವಜನಿಕ ಸ್ಥಳಗಳಲ್ಲಿ ಇದು ಅಂದಗೇಡೆಂದು 2008ರಿಂದ 2017ರವರೆಗೆ ನಿಷೇಧಿಸಿತ್ತು; ಅದೇ 2017ರಲ್ಲಿ, ಅದರ ನೆರೆಯಲ್ಲಿಯೇ ಇರುವ ವಿಟ್ರಾ ವಿನ್ಯಾಸ ಸಂಗ್ರಹಾಲಯ ಇದನ್ನೇ ಕುರಿತು ಪ್ರದರ್ಶನ ನಡೆಸಿತು. ನಮ್ಮ ಕಲ್ಯಾಣಮಂಟಪ, ಗ್ರಾಮಸಭೆ, ಶಾಮಿಯಾನದ ಕೆಳಗಿನ ಸಮಾರಂಭಗಳಲ್ಲಿ ಜಮೀನುದಾರನೂ ಕೂಲಿಯಾಳೂ ಕೂರುವುದು ಈ ಒಂದೇ ಬಗೆಯ ಕುರ್ಚಿಯ ಮೇಲೆ. ಎಲ್ಲೆಡೆಯೂ ಹೀಗೆಯೇ ನಡೆಯುತ್ತದೆಂದಾಗಲಿ, ಕುರ್ಚಿಯೊಂದು ಜಾತಿಯನ್ನು ಅಳಿಸಿತೆಂದಾಗಲಿ ಹೇಳಲಾಗದು. ಆದರೆ ಕುಳಿತುಕೊಳ್ಳುವ ಹಕ್ಕು ಬೆಲೆಯ ದೆಸೆಯಿಂದ ಯಾರಿಗೂ ತಪ್ಪದಂತೆ ಮಾಡಿದುದು ಇದೇ. ಬೌಹೌಸ್ ಬಯಸಿದುದನ್ನು ಸೌಂದರ್ಯದ ಹಂಗಿಲ್ಲದ ಈ ವಸ್ತು ಬಹುಮಟ್ಟಿಗೆ ನೆರವೇರಿಸಿತು.

ಇದರ ದೋಷವನ್ನೂ ಮರೆಮಾಚಬಾರದು. ಬೆತ್ತ ಹರಿದರೆ ಹೆಣೆಯಬಹುದು, ತೇಗದ ಕಾಲು ಸಡಿಲಿದರೆ ಬಡಗಿ ಗೂಟ ಹೊಡೆಯಬಹುದು. ಪ್ಲಾಸ್ಟಿಕ್ ಕುರ್ಚಿಯ ಕಾಲು ಸೀಳಿದರೆ ಇಡೀ ಕುರ್ಚಿ ಕಸವಾಗುತ್ತದೆ. ತಂಬಿಗೆ ಒಡೆದರೂ ಅದರ ಲೋಹಕ್ಕೆ ತೂಕದ ಬೆಲೆಯುಂಟು, ಕರಗಿಸಿ ಮತ್ತೊಂದನ್ನು ಎರೆಯಬಹುದು. ಬಾಳಿಕೆಯ ಲೆಕ್ಕವನ್ನು ಕೇಳಿದ ಈಮ್ಸ್ ವರದಿಯ ಮಾತು ಇಲ್ಲಿ ಪುನಃ ಉಪಯೋಗಕ್ಕೆ ಬರುತ್ತದೆ. ಸ್ವೀಡನ್ನಿನ ಇಕಿಯಾ ಸಂಸ್ಥೆ 2018ರಲ್ಲಿ ಹೈದರಾಬಾದಿನಲ್ಲಿ, 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅಂಗಡಿಗಳನ್ನು ತೆರೆದ ಮೇಲೆ, ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಂಡೊಯ್ದು ಮನೆಯಲ್ಲಿ ಜೋಡಿಸುವ ಕ್ರಮ ನಮ್ಮ ನಗರವಾಸಿಗಳಿಗೂ ಪರಿಚಿತವಾಗಿದೆ. ಥೋನೆಟ್ಟನ ಪೆಟ್ಟಿಗೆಯೇ ಹೊಸ ರೂಪದಲ್ಲಿ ಬಂದಂತಾಗಿದೆ. ಇಂತಹ ಚತುರವಾದ ವಸ್ತುಗಳನ್ನು ಕಂಡು ಬೆರಗಾಗುವುದು ಸಹಜ. ಆದರೆ ಬೆರಗು ವಿಮರ್ಶೆಯಾಗಲಾರದು.

ಇಷ್ಟು ವಿವೇಚನೆಯಿಂದ ನಮಗೆ ದೊರೆಯುವ ಅಳತೆಗೋಲು ಸರಳವಾದುದು. ಒಂದು ಗೃಹೋಪಕರಣವನ್ನು ಕುರಿತು ಅದು ಹೇಗೆ ಕಾಣುತ್ತದೆ ಎಂಬುದರ ಜೊತೆಗೆ, ಯಾರು ಮಾಡಿದರು, ಯಾರು ಬಳಸಲು ಸಾಧ್ಯವಾಯಿತು, ಯಾರಿಗೆ ಬಳಕೆ ನಿಷಿದ್ಧವಾಯಿತು, ಕೆಟ್ಟಾಗ ಏನಾಯಿತು ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಆಧಾರಗಳು ಪರದೇಶದ ಸಂಗ್ರಹಾಲಯಗಳಲ್ಲಿ ಮಾತ್ರವೇ ಇವೆಯೆಂದು ತಿಳಿಯಬೇಕಾಗಿಲ್ಲ. ವಿಭಾಗಪತ್ರಗಳಲ್ಲಿ, ಮದುವೆಯ ಬಳುವಳಿಯ ಪಟ್ಟಿಗಳಲ್ಲಿ, ಪಾತ್ರೆಗಳ ಕಂಠದ ಮೇಲೆ ಕೊರೆಸಿದ ಹೆಸರುಗಳಲ್ಲಿ, ಸರ್ಕಾರಿ ಕಚೇರಿಗಳ ಹರಾಜು ದಾಖಲೆಗಳಲ್ಲಿ ಹೇರಳವಾದ ಸಾಮಗ್ರಿ ಬಿದ್ದಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಅದನ್ನು ಸಂಗ್ರಹಿಸಲು ತೊಡಗಿದರೆ, 1958ರ ಪಟ್ಟಿಯಲ್ಲಿ ಬಿಟ್ಟುಹೋದ ಪ್ರಶ್ನೆಗೆ ಉತ್ತರವನ್ನು ನಾವೇ ಬರೆಯಬಹುದು.