ಬಣ್ಣದ ಕೆಳಗಿನ ನೆಲ

ಹಳೆಯ ಚಿತ್ರದ ಪ್ರತಿ ಗೆಲ್ಲುವುದೂ ಸೋಲುವುದೂ ಬಣ್ಣದ ಕೆಳಗಿರುವ ನೆಲದಲ್ಲಿ. ಚೀನೀ ಮಸಿಚಿತ್ರದಲ್ಲಿ ಬಿಳುಪೆಂದರೆ ಬಹುಮಟ್ಟಿಗೆ ಬರಿಯ ಕಾಗದ. ಕಪ್ಪಿನ ಏರಿಳಿತ ಹುಟ್ಟುವುದು ಆ ಕಾಗದ ನೀರು ಹೀರುವ ಬಗೆಯಿಂದ. ಬೀಜಿಂಗಿನ ರೊಂಗ್‌ಬಾವ್‌ಝಾಯ್ ಸಂಸ್ಥೆಯವರು ಒಂದೊಂದು ಛಾಯೆಗೂ ಬೇರೆ ಬೇರೆ ಮರದಚ್ಚು ಕೆತ್ತಿ, ನೀರುಮಸಿ ಹಚ್ಚಿ, ಮೂಲದಂಥದೇ ಕಾಗದದ ಮೇಲೆ ಒತ್ತುವುದು ಅದಕ್ಕಾಗಿಯೇ.

ಕೊಪ್ಪಳ ಜಿಲ್ಲೆಯಲ್ಲಿ ಆ ನೆಲ ಸುಣ್ಣದ ಗಾರೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲಿ ಮಾನವಾಕೃತಿಗಳನ್ನೇ ಹೆಣೆದು ಮಾಡಿದ ಆನೆ, ಕುದುರೆ, ಪಲ್ಲಕ್ಕಿಗಳಿವೆ. ಹೊಳೆಯಾಚೆಗಿನ ಹಂಪಿ ವಿರೂಪಾಕ್ಷನ ರಂಗಮಂಟಪದಲ್ಲಿ ಗಿರಿಜಾ ಕಲ್ಯಾಣವಿದೆ, ಅರ್ಜುನನ ಮತ್ಸ್ಯಯಂತ್ರವಿದೆ, ವಿದ್ಯಾರಣ್ಯರ ಮೆರವಣಿಗೆಯಿದೆ. ಇಂಥ ಚಿತ್ರಗಳ ಜೀವ ಕೆಮ್ಮಣ್ಣಿನ ಕೆಂಪು. ಹೊಳಪಿಲ್ಲದ ಗಾರೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಆ ಕೆಂಪು ತುಸು ಮಂಕಾಗಿ, ಮೆತ್ತಗೆ ಕಾಣುತ್ತದೆ. ನುಣುಪು ಕಾಗದಕ್ಕೆ ಬಿದ್ದೊಡನೆ ಅದೇ ಕೆಂಪು ಗಾಢವಾಗಿ ಕಣ್ಣಿಗೆ ಹೊಡೆಯುತ್ತದೆ. ಮಾರಾಟದ ಬಹುಪಾಲು ಮುದ್ರಿತ ಪ್ರತಿಗಳು ಕೆಡುವುದು ಇಲ್ಲೇ.

ಛಾಯಾಚಿತ್ರ ತೆಗೆಯುವಾಗ ಚಿತ್ರದ ಪಕ್ಕ ಬೂದುಪಟ್ಟಿ ಇಡಲೇಬೇಕು. ಟ್ಯೂಬ್‌ಲೈಟಿನಡಿ ಹಳದಿಮಣ್ಣಿನ ಬಣ್ಣ ಹಸಿರಿಗೆ ವಾಲಿದರೆ ತಿದ್ದಲು ಬೇರೆ ಆಧಾರವಿಲ್ಲ. ಕೈಯಲ್ಲಿ ಬರೆಯುವವರು ಹಲಗೆಗೆ ಸುಣ್ಣ ಬಳಿದು, ಮಣ್ಣಿನ ಬಣ್ಣವನ್ನೇ ಅಂಟಿನಲ್ಲಿ ಕಲಸುವುದು ಒಳ್ಳೆಯದು. ಹಸಿಯಿದ್ದಾಗ ಕಪ್ಪಾಗಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಹಾಗಾಗಿ ತುಣುಕೊಂದರ ಮೇಲೆ ಬಳಿದು, ಪೂರ್ತಿ ಆರಿದ ಬಳಿಕವೇ ಮೂಲದೊಡನೆ ಹೋಲಿಸಬೇಕು. ದೀಪದ ಹೊಗೆಗೆ ಕಂದಿದ ಬಿಳುಪನ್ನು ಕಂಡಂತೆಯೇ ಬಿಡಬೇಕು. ಹೊಸತಾಗಿದ್ದಾಗ ಹೇಗಿತ್ತೆಂಬ ಊಹೆಗೆ ಬೇರೆ ಹಾಳೆಯಿರಲಿ. ಎರಡನ್ನೂ ಒಂದೇ ಪ್ರತಿಯಲ್ಲಿ ಬೆರೆಸುವುದು ಮೂಲಕ್ಕೆ ಬಗೆವ ಅನ್ಯಾಯ.

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿನ ಚಿತ್ರಗಾರರು ಹಗುರ ಮರದ ಮೂರ್ತಿಗೆ ಹುಣಸೆಬೀಜದ ಸರಿ ಸೇರಿದ ಲೇಪ ಕೊಟ್ಟು, ಒಡವೆಯ ಭಾಗಕ್ಕೆ ಲಾಜವಾರ ಹಚ್ಚುತ್ತಾರೆ: ತವರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಬೆಳ್ಳಿಯಂತೆ ಮಿನುಗುವವರೆಗೆ ಉಜ್ಜುವ ಕ್ರಮವದು. ಅದರ ಮೇಲಿನ ತೆಳು ಹಳದಿ ಲೇಪದಿಂದ ಚಿನ್ನದ ಕಾಂತಿ ಬರುತ್ತದೆ. ಬೆಳಕು ತವರಕ್ಕೆ ತಾಗಿ ಹಿಂದಿರುಗುವುದರಿಂದ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಒಂದೇ ಕೋನದ ಕ್ಯಾಮೆರಾಗೆ ಅದು ಒಮ್ಮೊಮ್ಮೆ ಬರಿಯ ಕಂದು. ಕನಿಷ್ಠ ಎರಡು ಕೋನಗಳ ಚಿತ್ರವಿದ್ದರೆ ದಾಖಲೆಗೆ ಸಾಕಾದೀತು. ಪ್ರತಿಯೇ ಬೇಕೆಂದರೆ ತವರವನ್ನೇ ಬಳಿಯಬೇಕು, ಮುದ್ರಣದ ಹಳದಿಯಿಂದ ಆ ಕಾಂತಿ ಬರದು.