ಲೆಕ್ಕದ ಆಚೆಗುಳಿದ ಆಚಾರ: ‘ಬೇಸಿಕ್ ಇಕನಾಮೆಟ್ರಿಕ್ಸ್’ ಕುರಿತು

ಆರ್ಥಿಕ ಸಿದ್ಧಾಂತಗಳನ್ನು ಅಂಕಿಅಂಶಗಳ ಮೂಲಕ ಪರೀಕ್ಷಿಸುವ ಶಾಸ್ತ್ರವೇ ಅರ್ಥಮಿತಿ, ಅಂದರೆ ಇಕನಾಮೆಟ್ರಿಕ್ಸ್. ದಾಮೋದರ ಗುಜರಾತಿಯವರ ‘ಬೇಸಿಕ್ ಇಕನಾಮೆಟ್ರಿಕ್ಸ್’ (1978) ಈ ಶಾಸ್ತ್ರವನ್ನು ಹೊಸಬರಿಗೆ ಪರಿಚಯಿಸುವ ಪ್ರಸಿದ್ಧ ಪಠ್ಯ. ಜಾನಪದ ಸಂಶೋಧನೆಯೂ ಪ್ರಶ್ನಾವಳಿ, ಕೋಷ್ಟಕ, ಶೇಕಡಾವಾರು ಲೆಕ್ಕಗಳನ್ನು ಅವಲಂಬಿಸುತ್ತಿರುವುದರಿಂದ ಈ ಕೃತಿಯನ್ನು ಆ ನೆಲೆಯಿಂದಲೂ ಪರಿಶೀಲಿಸುವ ಅಗತ್ಯವಿದೆ.

ಕೃತಿಯ ಶಕ್ತಿಯಿರುವುದು ಉದಾಹರಣೆಯ ಮೂಲಕ ಕಲಿಸುವ ಕ್ರಮದಲ್ಲಿ. ಆದಾಯ ಹೆಚ್ಚಿದಂತೆ ಅನುಭೋಗವೂ ಹೆಚ್ಚುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಲ್ಲ ಎಂಬ ಕೇನ್ಸ್‌ನ ವಿಚಾರವನ್ನು ಗುಜರಾತಿಯವರು ಮೊದಲು ಸಮೀಕರಣವಾಗಿಸುತ್ತಾರೆ. ಅನಂತರ ಅಂಕಿಅಂಶಗಳಿಂದ ಅದನ್ನು ಪರೀಕ್ಷಿಸುತ್ತಾರೆ. 2003ರ ನಾಲ್ಕನೆಯ ಆವೃತ್ತಿಯಲ್ಲಿ ಅಮೆರಿಕದ 1982-1996ರ ಅಂಕಿಗಳ ಪ್ರಕಾರ, ಆದಾಯ ಒಂದು ಡಾಲರ್ ಹೆಚ್ಚಿದರೆ ಅನುಭೋಗ ಸರಾಸರಿ ಸುಮಾರು 71 ಸೆಂಟ್ ಹೆಚ್ಚುತ್ತದೆ. ಆದಾಯವೊಂದರಿಂದಲೇ ವಿವರಿಸಲಾಗದ ಕುಟುಂಬದ ಗಾತ್ರ, ಸದಸ್ಯರ ವಯಸ್ಸು, ಧರ್ಮ ಮುಂತಾದವು ‘ದೋಷಪದ’ಕ್ಕೆ ಸೇರುತ್ತವೆ.

ಜಾನಪದ ವಿದ್ವಾಂಸರು ಗಮನಿಸಬೇಕಾದುದು ಈ ದೋಷಪದವನ್ನೇ. ಹರಕೆ, ಜಾತ್ರೆ, ಮುಯ್ಯಿಗಳ ಖರ್ಚು ಕೂಡ ಇಲ್ಲಿಯೇ ಅಡಗುತ್ತದೆ. ಒಂದು ಅವಲೋಕನದ ದೋಷಕ್ಕೂ ಮತ್ತೊಂದರ ದೋಷಕ್ಕೂ ನಂಟಿಲ್ಲವೆಂಬುದು ಆರಂಭಿಕ ಮಾದರಿಯ ಗೃಹೀತ. ಆಚಾರವಾದರೋ ಒಂದು ಮನೆಯದಲ್ಲ, ಊರಿನದು. ಆದ್ದರಿಂದ ಅಕ್ಕಪಕ್ಕದ ಮನೆಗಳ ದೋಷಗಳು ಪರಸ್ಪರ ಹೆಣೆದುಕೊಂಡಿರುತ್ತವೆ.

ಗುಜರಾತಿಯವರು ರಿಗ್ರೆಶನ್ ಪದದ ಮೂಲವನ್ನು ತಂದೆತಾಯಿ-ಮಕ್ಕಳ ಎತ್ತರ ಕುರಿತ ಫ್ರಾನ್ಸಿಸ್ ಗಾಲ್ಟನ್‌ನ ಅಧ್ಯಯನದಲ್ಲಿ ಗುರುತಿಸುತ್ತಾರೆ. ಜಾನಪದಕ್ಕೆ ಇನ್ನೂ ಹತ್ತಿರವಾದುದು ಅದೇ ಗಾಲ್ಟನ್ ಎತ್ತಿದ ಮತ್ತೊಂದು ಪ್ರಶ್ನೆ. 1888ರಲ್ಲಿ ಎಡ್ವರ್ಡ್ ಟೈಲರ್ ಸುಮಾರು 350 ಸಮುದಾಯಗಳ ವಿವಾಹಪದ್ಧತಿಗಳನ್ನು ಎಣಿಸಿ ಪ್ರಬಂಧ ಮಂಡಿಸಿದಾಗ, ಇವು ಸ್ವತಂತ್ರ ನಿದರ್ಶನಗಳೋ ಒಂದೇ ಮೂಲದ ನಕಲುಗಳೋ ಎಂದು ಗಾಲ್ಟನ್ ಕೇಳಿದನು. ಈ ಪ್ರಶ್ನೆ ‘ಗಾಲ್ಟನ್ ಸಮಸ್ಯೆ’ ಎಂದೇ ಹೆಸರಾಗಿದೆ. ಒಬ್ಬ ಗುರುವಿನಿಂದ ಕಲಿತ ಹತ್ತು ಮಂದಿ ಕಂಸಾಳೆಯವರು ಮಾದೇಶ್ವರನ ಕಥೆಯ ಒಂದು ಭಾಗವನ್ನು ಒಂದೇ ಬಗೆಯಲ್ಲಿ ಹಾಡಿದರೆ, ಅವನ್ನು ಹತ್ತು ಸಾಕ್ಷ್ಯಗಳೆಂದು ಎಣಿಸಲಾಗದು. ಹಾಗೆ ಎಣಿಸಿದಾಗ ನಿರ್ಣಯಕ್ಕೆ ಇಲ್ಲದ ಖಚಿತತೆ ಬಂದುಬಿಡುತ್ತದೆ.

ಕೃತಿಯ ಮಿತಿಯೂ ಇಲ್ಲಿಯೇ ಇದೆ. ದೋಷಗಳ ಪರಸ್ಪರ ನಂಟಿಗೆ ಗುಜರಾತಿಯವರು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದರೂ ಅಲ್ಲಿ ಪ್ರಧಾನವಾಗಿರುವುದು ವರ್ಷದಿಂದ ವರ್ಷಕ್ಕೆ ಸಾಗುವ ಅಂಕಿಗಳು. ದತ್ತಾಂಶದ ನಿಖರತೆಯ ಚರ್ಚೆ ಸಂಕ್ಷಿಪ್ತವಾಗಿದೆ. ವಿದ್ಯಾರ್ಥಿಯ ಕೈಗೆ ಸಿಗುವುದು ಸಿದ್ಧ ಕೋಷ್ಟಕ. ಗುರುಪರಂಪರೆ, ಒಕ್ಕಲು, ಜಾತ್ರೆಗಳ ನಂಟನ್ನು ಕೋಷ್ಟಕ ತಾನಾಗಿ ತೋರಿಸಲಾರದು. ಕ್ಷೇತ್ರಕಾರ್ಯದಲ್ಲಿಯೇ ಅದು ದಾಖಲಾಗಬೇಕು. ಯಾವ ಪಾಠ ಯಾರಿಂದ ಯಾರಿಗೆ ಬಂದಿತೆಂಬ ವಿವರವಿಲ್ಲದ ಸಂಗ್ರಹವನ್ನು ಮುಂದೆ ಯಾವ ಗಣಿತವೂ ಸರಿಪಡಿಸಲಾರದು. ಲೆಕ್ಕಹಾಕುವ ವಿಧಾನಕ್ಕಿಂತ ಹೆಚ್ಚಾಗಿ ಗೃಹೀತಗಳನ್ನು ಪ್ರಶ್ನಿಸುವ ಶಿಸ್ತನ್ನು ಕಲಿಸುವುದರಿಂದಲೇ ಈ ಪ್ರವೇಶಗ್ರಂಥ ಜಾನಪದ ಸಂಶೋಧಕರಿಗೂ ಉಪಯುಕ್ತವಾಗುತ್ತದೆ.