ಯಾರ್ಕ್‌ಟೌನ್ ಮತ್ತು ಹುಲಿಯೂರುದುರ್ಗ: ಅಮೆರಿಕದ ಆರಂಭಕಾಲದ ಇತಿಹಾಸವನ್ನು ಕನ್ನಡದಲ್ಲಿ ಬರೆಯುವ ಕ್ರಮ

ಅಮೆರಿಕ ಸಂಯುಕ್ತ ಸಂಸ್ಥಾನದ ಹುಟ್ಟನ್ನು ಕುರಿತ ಕನ್ನಡ ಬರವಣಿಗೆ, ಅದು ಪಠ್ಯಪುಸ್ತಕವಾಗಿರಲಿ, ಪರೀಕ್ಷಾರ್ಥಿಗಳ ಕೈಪಿಡಿಯಾಗಿರಲಿ, ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತದೆ. 1765ರ ಸ್ಟಾಂಪ್ ಕಾಯ್ದೆ, 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಸಮುದ್ರದ ಪಾಲಾದ ಚಹಾ, 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆ, 1781ರಲ್ಲಿ ಯಾರ್ಕ್‌ಟೌನ್‌ನ ಶರಣಾಗತಿ, 1783ರ ಪ್ಯಾರಿಸ್ ಒಪ್ಪಂದ, 1787ರ ಸಂವಿಧಾನ, 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾದದ್ದು, ಇಷ್ಟನ್ನು ಹೇಳಿ ಆ ಅಧ್ಯಾಯ ಮುಗಿಯುತ್ತದೆ. ಮೈಸೂರು ಯುದ್ಧಗಳ ಅಧ್ಯಾಯ ಬೇರೆಯಾಗಿ ಆರಂಭವಾಗುತ್ತದೆ. ಯಾರ್ಕ್‌ಟೌನ್‌ನಲ್ಲಿ ಸೋತ ಸೇನಾನಿಯೂ ಟಿಪ್ಪು ಸುಲ್ತಾನನ ಮಕ್ಕಳನ್ನು ಒತ್ತೆಯಾಗಿ ಪಡೆದ ಗವರ್ನರ್ ಜನರಲ್ಲನೂ ಒಬ್ಬನೇ ಚಾರ್ಲ್ಸ್ ಕಾರ್ನ್‌ವಾಲಿಸ್ ಎಂಬುದನ್ನು ಓದುಗನು ತಾನಾಗಿಯೇ ಊಹಿಸಿಕೊಳ್ಳಬೇಕು. ತುಮಕೂರು ಸೀಮೆಯ ಹಾಗಲವಾಡಿ, ಗುಬ್ಬಿ, ಕುಣಿಗಲ್‌ಗಳ ಚರಿತ್ರೆಯಂತೂ ಈ ಎರಡು ಅಧ್ಯಾಯಗಳಿಗೂ ಸೇರದೆ ಗ್ಯಾಸೆಟಿಯರಿನಲ್ಲಿ, ಅಂದರೆ ಸರ್ಕಾರ ಪ್ರಕಟಿಸುವ ಜಿಲ್ಲಾವಾರು ವಿವರಕೋಶದಲ್ಲಿ, ಊರಿನ ಹೆಸರಿನ ಅಕ್ಷರಕ್ರಮಕ್ಕೆ ಕಟ್ಟುಬಿದ್ದು ಕುಳಿತಿದೆ. ಹೀಗೆ ಮೂರು ಕಡೆ ಹಂಚಿಹೋದ ವೃತ್ತಾಂತ ವಾಸ್ತವದಲ್ಲಿ ಒಂದಕ್ಕೊಂದು ಹೆಣೆದುಕೊಂಡದ್ದಾದುದರಿಂದ, ಬಿಡಿಸಿ ಬರೆಯುವ ಈ ರೂಢಿ ಅಮೆರಿಕದ ಚರಿತ್ರೆಯನ್ನೂ ತುಮಕೂರು ಸೀಮೆಯ ಚರಿತ್ರೆಯನ್ನೂ ಸಮನಾಗಿ ಬಡವಾಗಿಸಿದೆ.

ಎರಡು ಚರಿತ್ರೆಗಳ ನಡುವಿನ ಸಂಬಂಧಗಳೆಲ್ಲ ಒಂದೇ ತೂಕದವಲ್ಲ. ಕೆಲವು ಕಾರ್ಯಕಾರಣ ಸಂಬಂಧಗಳು, ಕೆಲವು ಬರಿಯ ಸಂಕೇತಗಳು, ಮತ್ತೆ ಕೆಲವು ಒಬ್ಬ ವ್ಯಕ್ತಿಯ ಬಾಳಿನ ಮೂಲಕ ಒದಗಿದ ಹೋಲಿಕೆಗಳು. ಇವನ್ನು ಬೇರ್ಪಡಿಸದೆ ಬೆರೆಸಿಬಿಟ್ಟರೆ ಈಗಿರುವ ಮೌನಕ್ಕಿಂತ ಹೆಚ್ಚಿನ ಹಾನಿಯಾಗುತ್ತದೆ.

ಕಾರ್ಯಕಾರಣ ಸಂಬಂಧಕ್ಕೆ ಆಧಾರ ಗಟ್ಟಿಯಾಗಿದೆ. 1778ರ ಫೆಬ್ರವರಿಯಲ್ಲಿ ಫ್ರಾನ್ಸ್ ದೇಶವು ಬಂಡೆದ್ದ ಅಮೆರಿಕನ್ ವಸಾಹತುಗಳೊಡನೆ ಮೈತ್ರಿ ಮಾಡಿಕೊಂಡದ್ದರಿಂದ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಹತ್ತಿಕೊಂಡಿತು. ಆ ಯುದ್ಧದ ನೆಪದಲ್ಲಿ ಇಂಗ್ಲಿಷರು ಭಾರತದಲ್ಲಿದ್ದ ಫ್ರೆಂಚ್ ನೆಲೆಗಳನ್ನು ವಶಪಡಿಸಿಕೊಳ್ಳತೊಡಗಿ, 1779ರ ಮಾರ್ಚಿನಲ್ಲಿ ಮಲಬಾರ್ ಕರಾವಳಿಯ ಮಾಹೆಯನ್ನು ಹಿಡಿದರು. ಮಾಹೆ ಹೈದರ್ ಅಲಿಗೆ ಯುದ್ಧಸಾಮಗ್ರಿ ಬಂದಿಳಿಯುತ್ತಿದ್ದ ಬಂದರು. ಅದು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಮೊದಲೇ ಎಚ್ಚರಿಸಿದ್ದನು. ಮರುವರ್ಷ ಅವನು ಕರ್ನಾಟಿಕ್ ಬಯಲಿಗೆ ನುಗ್ಗಿದ್ದಕ್ಕೆ ಮದರಾಸಿನ ಕಂಪನಿ ಸರ್ಕಾರದ ಹಳೆಯ ವಚನಭಂಗವೇ ಮೊದಲಾದ ಬೇರೆ ಕಾರಣಗಳೂ ಇದ್ದವು, ಆದರೆ ಮಾಹೆಯ ಪ್ರಕರಣವನ್ನು ಬಿಟ್ಟು ಎರಡನೆಯ ಮೈಸೂರು ಯುದ್ಧವನ್ನು ವಿವರಿಸಲಾಗದು. ಯುದ್ಧದ ಕೊನೆಯೂ ಹೀಗೆಯೇ ಆಯಿತು. ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಜಾನ್ ಆಡಮ್ಸ್, ಜಾನ್ ಜೇ ಇವರು 1782ರ ನವೆಂಬರ್ 30ರಂದು ಬ್ರಿಟನ್ನಿನ ಪ್ರತಿನಿಧಿಯೊಡನೆ ಪ್ರಾಥಮಿಕ ಕರಾರಿಗೆ ಸಹಿ ಮಾಡಿದರು. ಡಿಸೆಂಬರ್ 7ರಂದು ಹೈದರ್ ತನ್ನ ಪಾಳೆಯದಲ್ಲಿ ತೀರಿಕೊಂಡನು. 1783ರ ಜನವರಿಯಲ್ಲಿ ಫ್ರಾನ್ಸೂ ಬ್ರಿಟನ್ನಿನೊಡನೆ ರಾಜಿಯಾಯಿತು. ಆ ಸುದ್ದಿ ಹಡಗಿನಲ್ಲಿ ಕಡಲೂರನ್ನು ಮುಟ್ಟುವ ಹೊತ್ತಿಗೆ ಬೇಸಿಗೆ ಕಳೆದಿತ್ತು. ಅದು ತಲುಪಿದೊಡನೆ ಅಲ್ಲಿದ್ದ ಬುಸ್ಸಿ ಎಂಬ ಸೇನಾನಿಯ ಫ್ರೆಂಚ್ ಪಡೆ ಕದನ ನಿಲ್ಲಿಸಿತು, ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು, ಮತ್ತು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ಹೊತ್ತಿಗೆ ಟಿಪ್ಪು ಒಂಟಿಯಾಗಿದ್ದನು. ಅಮೆರಿಕದ ಸ್ವಾತಂತ್ರ್ಯದಲ್ಲಿ ಕೊನೆಗೊಂಡ ರಾಜಿಯೇ ಮೈಸೂರಿನ ಬಲಗೈಯನ್ನು ಕಡಿದಿತ್ತೆಂಬ ಈ ಮುಖ್ಯ ಸಂಗತಿಗೆ ಸಾಮಾನ್ಯ ಪುಸ್ತಕಗಳಲ್ಲಿ ಒಂದು ವಾಕ್ಯದ ಜಾಗವೂ ಸಿಗುವುದು ಅಪರೂಪ.

ಸಂಕೇತದ ಸಂಬಂಧಕ್ಕೆ ಎಷ್ಟು ಬೆಲೆಯೋ ಅಷ್ಟನ್ನೇ ಕೊಡಬೇಕು. ಪೆನ್ಸಿಲ್ವೇನಿಯ ರಾಜ್ಯವು ತನ್ನ ವ್ಯಾಪಾರದ ರಕ್ಷಣೆಗಾಗಿ ಸಜ್ಜುಗೊಳಿಸಿದ ಹಡಗಿನ ಹೆಸರು ಹೈದರ್ ಅಲಿ; ಜೋಶುವಾ ಬಾರ್ನಿಯ ನೇತೃತ್ವದಲ್ಲಿ ಅದು 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜನರಲ್ ಮಾಂಕ್ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು, ಫಿಲಿಪ್ ಫ್ರೆನೋ ಎಂಬ ಕವಿ ಈ ಗೆಲುವನ್ನು ಹಾಡಿದನು. ಬ್ರಿಟನ್ನಿನ ಶತ್ರುವೆಂಬ ಕಾರಣಕ್ಕೆ ಮೈಸೂರಿನ ದೊರೆಯ ಹೆಸರು ಫಿಲಡೆಲ್ಫಿಯದ ಜನರ ಬಾಯಲ್ಲಿತ್ತೆಂಬುದು ಕನ್ನಡಿಗರಿಗೆ ಸಹಜವಾಗಿಯೇ ಹೆಮ್ಮೆಯ ವಿಷಯ. ಆದರೆ ಈಚಿನ ವರ್ಷಗಳ ಉತ್ಸಾಹಿ ಬರಹಗಳು ಇಷ್ಟನ್ನೇ ಹಿಡಿದು ಹೈದರನನ್ನು ಅಮೆರಿಕನ್ ಸ್ವಾತಂತ್ರ್ಯದ ಪಾಲುದಾರನನ್ನಾಗಿ ಮಾಡಿಬಿಡುತ್ತವೆ. ಹೈದರನಿಗೂ ಅಮೆರಿಕನ್ ಕಾಂಗ್ರೆಸ್ಸಿಗೂ ಯಾವ ಒಪ್ಪಂದವೂ ಇರಲಿಲ್ಲ, ಅವನು ಕಾದಿದ್ದು ತನ್ನ ರಾಜ್ಯಕ್ಕಾಗಿ. ಇದಕ್ಕಿಂತ ಗಟ್ಟಿಯಾದ ನಂಟೊಂದು ಮೈಸೂರಿನ ಕಬ್ಬಿಣದ ಕೊಳವೆಯ ಅಗ್ನಿಬಾಣಗಳಲ್ಲಿದೆ. ಅವನ್ನು ಆಧರಿಸಿ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳು 1814ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಉರಿದು, ಅಮೆರಿಕದ ರಾಷ್ಟ್ರಗೀತೆಯಲ್ಲೂ ಉಳಿದಿವೆ.

ಮೂರನೆಯ ಬಗೆಯ ಸಂಬಂಧ ಕಾರ್ನ್‌ವಾಲಿಸನದು; ಕುಣಿಗಲ್ ಸೀಮೆಯ ಬೆಟ್ಟದ ಕೋಟೆಗಳ ಬಳಿಗೆ ಓದುಗನನ್ನು ಕರೆತರುವುದು ಇದೇ. 'ನಿರ್ಣಾಯಕ ಘಟ್ಟ' ಎಂಬ ಕಲ್ಪನೆಯನ್ನೇ ಪರೀಕ್ಷೆಗೊಡ್ಡುವ ಶಕ್ತಿ ಇದಕ್ಕಿದೆ. 1781ರ ಜನವರಿಯಲ್ಲಿ ಉತ್ತರ ಕೆರೊಲಿನದಲ್ಲಿ ಅಮೆರಿಕನ್ ಸೇನಾನಿ ನಥಾನಿಯಲ್ ಗ್ರೀನನ ಬೆನ್ನಟ್ಟುತ್ತಿದ್ದ ಕಾರ್ನ್‌ವಾಲಿಸ್, ವೇಗ ಹೆಚ್ಚಲೆಂದು ತನ್ನ ಸೇನೆಯ ಸಾಮಾನು ಸರಂಜಾಮನ್ನು ತಾನೇ ಸುಡಿಸಿದನು. ಮಾರ್ಚ್ 15ರಂದು ಗಿಲ್ಫರ್ಡ್ ಕೋರ್ಟ್‌ಹೌಸ್ ಎಂಬಲ್ಲಿ ಅವನು ರಣರಂಗವನ್ನು ಗೆದ್ದನು. ಆದರೆ ಸೇನೆಯ ಕಾಲುಭಾಗಕ್ಕಿಂತ ಹೆಚ್ಚು ಜನ ಸತ್ತೋ ಗಾಯಗೊಂಡೋ ಹೋಗಿದ್ದರಿಂದ, ಉಳಿದವರಿಗೆ ಉಣ್ಣಲು ಇಲ್ಲದ್ದರಿಂದ, ಸಮುದ್ರದ ದಿಕ್ಕಿಗೆ ಸರಿಯಬೇಕಾಯಿತು. ಆ ಸಮುದ್ರವನ್ನೇ ಸೆಪ್ಟೆಂಬರಿನಲ್ಲಿ ದ ಗ್ರಾಸ್‌ನ ಫ್ರೆಂಚ್ ನೌಕಾಪಡೆ ಮುಚ್ಚಿದಾಗ, ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಅವನು ಆಯುಧ ಒಪ್ಪಿಸದೆ ಗತ್ಯಂತರವಿರಲಿಲ್ಲ. ಹತ್ತು ವರ್ಷಗಳ ನಂತರ, ಮೂರನೆಯ ಮೈಸೂರು ಯುದ್ಧದಲ್ಲಿ, ಇದೇ ಕಥೆ ಕಾವೇರಿಯ ದಡದಲ್ಲಿ ಮರುಕಳಿಸಿತು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್, ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದನು. ಆದರೂ ಧಾನ್ಯ ಮುಗಿದು, ಮಳೆ ಹಿಡಿದು, ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತು, ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಹಸಿದ ಆ ಸೇನೆಗೆ ಅನ್ನ ಸಿಕ್ಕಿದ್ದು ಮಿತ್ರರಾಗಿ ಎದುರಾಗಿ ಬಂದ ಮರಾಠರ ಪಾಳೆಯದ ಸಂತೆಯಲ್ಲಿ.

ಬಯಲಿನ ಕದನಗಳಲ್ಲಿ ಕಾರ್ನ್‌ವಾಲಿಸ್ ಎರಡು ಖಂಡಗಳಲ್ಲೂ ಗೆದ್ದು, ಹೊಟ್ಟೆಯ ಲೆಕ್ಕದಲ್ಲಿ ಎರಡೂ ಕಡೆ ಸೋತನು. 1791ರ ಜೂನ್‌ನಿಂದ ಮುಂದಿನ ಜನವರಿಯವರೆಗೆ ಅವನು ಮಾಡಿದ ಕೆಲಸವೇ ನಿಜವಾದ ತಿರುವು, ಮತ್ತು ಅದರ ಕೊನೆಯ ಘಟ್ಟ ನಡೆದದ್ದು ಇಂದಿನ ಮಾಗಡಿ, ಕುಣಿಗಲ್ ತಾಲ್ಲೂಕುಗಳ ನೆಲದಲ್ಲಿ. ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯನ್ನು ಕಾಯುವ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ತೆಗೆದುಕೊಳ್ಳಲಾಯಿತು: ಡಿಸೆಂಬರ್ 21ರಂದು ಸಾವನದುರ್ಗ, 24ರಂದು ಹುತ್ರಿದುರ್ಗ. ಬಂಜಾರರು, ಅಂದರೆ ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸಿ ಯಾವ ಪಾಳೆಯಕ್ಕಾದರೂ ಮಾರುತ್ತಿದ್ದ ಲಂಬಾಣಿ ವ್ಯಾಪಾರಿಗಳು, ಇಂಗ್ಲಿಷರ ಕಡೆಗೆ ಒಲಿಸಲ್ಪಟ್ಟರು. ಕುಣಿಗಲ್ ಸೀಮೆಯ ಹುಲಿಯೂರುದುರ್ಗದ ಸುತ್ತ ಜಮಾಯಿಸಿದ ಮಿತ್ರಸೇನೆ 1792ರ ಫೆಬ್ರವರಿ ಆರಂಭದಲ್ಲಿ ಅಲ್ಲಿಂದ ಹೊರಟು ಕೆಲವೇ ದಿನಗಳಲ್ಲಿ ಶ್ರೀರಂಗಪಟ್ಟಣದ ಎದುರಿಗಿತ್ತು. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿಗೂ ಮಿಕ್ಕಿದ ಹಣವನ್ನೂ ಒಪ್ಪಿಕೊಂಡನು; ಅದಕ್ಕೂ ಮೊದಲೇ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದ್ದನು. ಕೆರೊಲಿನದಲ್ಲಿ ಸರಂಜಾಮು ಸುಟ್ಟವನು ಕುಣಿಗಲ್ ಸೀಮೆಯಲ್ಲಿ ಸರಂಜಾಮು ಕೂಡಿಸಿದನು ಎಂದು ಬರೆದರೆ ವಿದ್ಯಾರ್ಥಿಗೆ ಯಾರ್ಕ್‌ಟೌನ್‌ನ ಸೋಲೂ ಶ್ರೀರಂಗಪಟ್ಟಣದ ಒಪ್ಪಂದವೂ ಒಟ್ಟಿಗೆ ಅರ್ಥವಾಗುತ್ತವೆ. ಇಸವಿಗಳ ಪಟ್ಟಿಯಿಂದ ಎರಡೂ ಅರ್ಥವಾಗುವುದಿಲ್ಲ.

ಇಂಥ ಬರವಣಿಗೆಗೆ ಬೇಕಾದ ಸಾಮಗ್ರಿ ಇಲ್ಲವೆಂದಲ್ಲ, ಇರುವ ಆಕರಗಳ ರಚನೆಯೇ ಅಡ್ಡವಾಗಿದೆ. ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮೈಸೂರಿನ ಚರಿತ್ರೆ ಯುದ್ಧದ ಕ್ರಮವನ್ನು ಸಮರ್ಥವಾಗಿ ಹಿಡಿದಿಡುತ್ತದೆ, ಆದರೆ ನೋಟವೆಲ್ಲ ಸೇನಾನಿಯ ಡೇರೆಯಿಂದ. ಬಿ. ಎಲ್. ರೈಸ್ ಮತ್ತು ಅವನ ನಂತರ ಸಿ. ಹಯವದನರಾವ್ ಸಂಪಾದಿಸಿದ ಮೈಸೂರು ಗ್ಯಾಸೆಟಿಯರುಗಳು ಊರೂರಿನ ಸಂಗತಿಯನ್ನು ಉಳಿಸಿಕೊಟ್ಟ ಮಹದುಪಕಾರ ಮಾಡಿವೆ. ಆದರೂ ಅಲ್ಲಿ ಹುಲಿಯೂರುದುರ್ಗ ಒಂದು ಪುಟದಲ್ಲಿ, ಪರಶುರಾಮ ಭಾವುವಿನ ಮರಾಠಾ ಸೇನೆ ಕೊಳ್ಳೆಹೊಡೆದ ಚಿಕ್ಕನಾಯಕನಹಳ್ಳಿ ಇನ್ನೊಂದು ಪುಟದಲ್ಲಿ ಬಂದು, ಎರಡೂ ಒಂದೇ ಯುದ್ಧದ ಪರಿಣಾಮಗಳೆಂಬುದು ಓದುವವನಿಗೆ ಹೊಳೆಯುವುದಿಲ್ಲ. ಈ ನಷ್ಟ ಹಾಗಲವಾಡಿಯ ವಿಷಯದಲ್ಲಿ ಎದ್ದುಕಾಣುತ್ತದೆ. ಹಾಗಲವಾಡಿ ಪಾಳೆಯಗಾರರ ನೆಲೆ. ಪಾಳೆಯಗಾರರೆಂದರೆ ಕೋಟೆಯೊಂದನ್ನೂ ಕಾಲಾಳುಪಡೆಯನ್ನೂ ಇಟ್ಟುಕೊಂಡು ಸುತ್ತಣ ಹಳ್ಳಿಗಳನ್ನು ಆಳುತ್ತ, ಬಲಾಢ್ಯ ರಾಜ್ಯಗಳಿಗೆ ಕಪ್ಪ ತೆರುತ್ತಿದ್ದ ನಾಯಕರು. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದು ಈ ಮನೆತನದ ಚಿಕ್ಕನಾಯಕನಿಂದ. 1761ರಲ್ಲಿ ಹೈದರ್ ಶಿರಾವನ್ನು ಗೆದ್ದ ಮೇಲೆ ಈ ಸೀಮೆಯ ಪಾಳೆಯಪಟ್ಟುಗಳು ಕ್ರಮೇಣ ಮೈಸೂರಿನೊಳಗೆ ಕರಗಿದವು. ಆದ್ದರಿಂದ ಮೂವತ್ತು ವರ್ಷಗಳ ನಂತರ ಮರಾಠಾ ಕುದುರೆಪಡೆ ಇಲ್ಲಿಗೆ ನುಗ್ಗಿದಾಗ ಹಳ್ಳಿಗಳ ಬೆನ್ನಿಗೆ ನಿಲ್ಲಲು ಹಳೆಯ ನಾಯಕರಿರಲಿಲ್ಲ, ಹೊಸ ದೊರೆಯ ಸೇನೆಯೂ ಹತ್ತಿರದಲ್ಲಿರಲಿಲ್ಲ. ಪಾಳೆಯಗಾರಿಕೆಯ ಅಂತ್ಯವನ್ನೂ ಮೂರನೆಯ ಮೈಸೂರು ಯುದ್ಧವನ್ನೂ ಕೂಡಿಸಿ ಓದಿದಾಗಲಷ್ಟೇ ಈ ಅಸಹಾಯಕತೆ ಕಣ್ಣಿಗೆ ಬೀಳುತ್ತದೆ.

ಆಕರಗಳಲ್ಲಿ ಹೆಚ್ಚಿನ ಮನ್ನಣೆಗೆ ಅರ್ಹನಾದವನು ಫ್ರಾನ್ಸಿಸ್ ಬುಕಾನನ್. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಈ ವೈದ್ಯ ತುಮಕೂರು, ಗುಬ್ಬಿ, ಚಿಕ್ಕನಾಯಕನಹಳ್ಳಿಗಳನ್ನು ಹಾದುಹೋಗುತ್ತ, ಬೆಳೆ, ಸಂತೆ, ಕಂದಾಯಗಳ ಜೊತೆಗೆ ಜನ ನೆನಪಿಟ್ಟುಕೊಂಡದ್ದನ್ನೂ ಕೇಳಿ ಬರೆದನು. ಗುಬ್ಬಿ ತಾಲ್ಲೂಕಿನ ಮೂಗನಾಯಕನಕೋಟೆಯ ಊರವರು ತಮ್ಮ ಮಣ್ಣಿನ ಗೋಡೆಯ ಹಿಂದೆ ನಿಂತು ಮರಾಠರ ಪಡೆಯೊಂದರ ಮುತ್ತಿಗೆಯನ್ನು ದಿನಗಟ್ಟಲೆ ತಡೆದು ಹಿಮ್ಮೆಟ್ಟಿಸಿದ ವೃತ್ತಾಂತ ಉಳಿದದ್ದು ಅವನಿಂದ. ಅವನು ಕಂಪನಿಯ ನೌಕರನಾಗಿದ್ದು ಟಿಪ್ಪುವಿನ ಆಡಳಿತವನ್ನು ಕುರಿತ ಅವನ ತೀರ್ಮಾನಗಳನ್ನು ಎಚ್ಚರದಿಂದ ಓದಬೇಕೆಂಬುದು ನಿಜವಾದರೂ, ಹಳ್ಳಿಗರ ಬಾಯಿಂದ ಯುದ್ಧವನ್ನು ಕೇಳಿಸಿಕೊಂಡ ಅವನ ಕ್ರಮ ವಿಲ್ಕ್ಸನಲ್ಲಿ ಇಲ್ಲ.

ಅಮೆರಿಕದಲ್ಲಿ 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್, ಕಾಂಕರ್ಡ್ ಎಂಬ ಊರುಗಳ ರೈತರು, ಮಿಲಿಷಿಯಾ ಎಂಬ ಊರ ಕಾವಲುಪಡೆಯಾಗಿ, ಬ್ರಿಟಿಷ್ ಸಿಪಾಯಿಗಳಿಗೆ ಎದುರು ನಿಂತದ್ದನ್ನು ಕನ್ನಡ ಮಕ್ಕಳು ಓದುತ್ತಾರೆ, ಓದಬೇಕಾದದ್ದೇ. ಅದರ ಪಕ್ಕದಲ್ಲಿ ಮೂಗನಾಯಕನಕೋಟೆಗೆ ಜಾಗವಿಲ್ಲದಿರುವುದು ದೊಡ್ಡ ಕೊರತೆ. ಎರಡನ್ನೂ ಒಂದೇ ಎನ್ನುವಂತಿಲ್ಲ: ಲೆಕ್ಸಿಂಗ್ಟನ್ನಿನವರ ಬೆನ್ನಿಗೆ ಊರಸಭೆಗಳೂ ಪತ್ರಿಕೆಗಳೂ ಪ್ರಾತಿನಿಧ್ಯವಿಲ್ಲದೆ ತೆರಿಗೆ ಸಲ್ಲದೆಂಬ ವಾದವೂ ಇದ್ದವು, ಮೂಗನಾಯಕನಕೋಟೆಯವರು ಉಳಿಸಿಕೊಂಡದ್ದು ಕಣಜ, ದನ, ಮನೆಮಂದಿಯನ್ನು. ಈ ವ್ಯತ್ಯಾಸವೇ ತರಗತಿಯಲ್ಲಿ ಚರ್ಚೆಗೆ ಯೋಗ್ಯವಾದ ವಿಷಯ. ಅಂತೆಯೇ ಅಮೆರಿಕದ ಅಧ್ಯಾಯದ ಮಹಾಪುರುಷರ ಚಿತ್ರಣವೂ ತಿದ್ದುಪಡಿ ಬೇಡುತ್ತದೆ. ಮನುಷ್ಯರೆಲ್ಲ ಸಮಾನರೆಂಬ ಘೋಷಣೆ ಬರೆದ ಥಾಮಸ್ ಜೆಫರ್ಸನ್ನನೂ, ಸೇನಾಪತಿ ವಾಷಿಂಗ್ಟನ್ನನೂ ಗುಲಾಮರ ಒಡೆಯರಾಗಿದ್ದರು. ಬಿಡುಗಡೆಯ ಆಸೆಯಿಂದ ಒಡೆಯರನ್ನು ತೊರೆದು ಬ್ರಿಟಿಷರ ಪಾಳೆಯ ಸೇರಿದ್ದ ಕರಿಯ ಜನರಲ್ಲಿ ಬಹಳ ಮಂದಿಯನ್ನು, ಸಿಡುಬು ಹರಡಿ ಅನ್ನ ಕಡಿಮೆಯಾದಾಗ, ಕಾರ್ನ್‌ವಾಲಿಸ್ ಯಾರ್ಕ್‌ಟೌನ್‌ನಿಂದ ಹೊರದೂಡಿದನು; ಉಳಿದವರಲ್ಲಿ ಅನೇಕರನ್ನು ಗೆದ್ದ ಪಕ್ಷ ಮತ್ತೆ ಒಡೆಯರಿಗೆ ಒಪ್ಪಿಸಿತು. ಗೆದ್ದವರೂ ಸೋತವರೂ ಕೂಡಿ ಕೈಬಿಟ್ಟ ಈ ಜನರ ಪ್ರಸ್ತಾಪವಿಲ್ಲದ ಯಾರ್ಕ್‌ಟೌನ್ ವರ್ಣನೆ ಅಪೂರ್ಣವಾಗಿಯೇ ಉಳಿಯುತ್ತದೆ.

ಹುಲಿಯೂರುದುರ್ಗದ ಸುತ್ತ ಬೀಡುಬಿಟ್ಟ ಸೇನೆಗಳಿಗೆ ಮೇವು ಒದಗಿಸಿದ ಹೊಲಗಳಾವುವು, ಹಳ್ಳಿಕಾರ್ ಎತ್ತುಗಳಿಗೆ ಹೆಸರಾದ ಈ ಸೀಮೆಯ ದನಗಳಲ್ಲಿ ಎಷ್ಟು ಸೇನೆಗಳ ನೊಗಕ್ಕೆ ಹೋದವು ಎಂಬ ಪ್ರಶ್ನೆಗಳನ್ನು ವಿಲ್ಕ್ಸ್ ಕೇಳಲಿಲ್ಲ, ರೈಸನ ಅಕ್ಷರಕ್ರಮದಲ್ಲಿ ಅವಕ್ಕೆ ಎಡೆಯೂ ಇರಲಿಲ್ಲ. ಕೆರೊಲಿನದ ರೈತರಿಂದ ಕಾರ್ನ್‌ವಾಲಿಸನ ಪಡೆ ಕಸಿದುಕೊಂಡ ಧಾನ್ಯ ಮತ್ತು ಕುದುರೆಗಳ ಬಗ್ಗೆ ಅಮೆರಿಕನ್ ಸಂಶೋಧಕರು ದಾಖಲೆ ಹುಡುಕಿ ಪುಸ್ತಕಗಳನ್ನೇ ಬರೆದಿದ್ದಾರೆ. ಕುಣಿಗಲ್ ಮತ್ತು ಗುಬ್ಬಿಯ ಹಳ್ಳಿಗಳ ಬಗ್ಗೆ ಅಂಥ ಕೆಲಸ ಕನ್ನಡದಲ್ಲಿ ನಡೆಯಬೇಕಾಗಿದೆ, ಮತ್ತು ಅದಕ್ಕೆ ಕೈಹಾಕುವವರು ಬುಕಾನನ್ನನ ದಿನಚರಿಯನ್ನೂ ಕಾರ್ನ್‌ವಾಲಿಸನ ಅಮೆರಿಕದ ಪತ್ರಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಓದಬೇಕಾಗುತ್ತದೆ.